ನಿಮ್ಮ .22 ರೈಫಲ್‌ಗೆ ಒಪ್ಪುವ ತೋಟಾ ಆರಿಸುವುದು ಹೇಗೆ: ಲಾಟ್ ಪರೀಕ್ಷೆಯ ಪೂರ್ತಿ ವಿಧಾನ

ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬಣ್ಣದ ಡಬ್ಬಿ. ಆದರೂ ಎರಡು ಲಾಟ್‌ಗಳ, ಅಂದರೆ ಕಾರ್ಖಾನೆಯಲ್ಲಿ ಬೇರೆ ಬೇರೆ ಸಲ ತಯಾರಾದ ಕಂತುಗಳ ತೋಟಾಗಳು ಒಂದೇ ರೈಫಲ್‌ನಲ್ಲಿ ಬೇರೆ ಬೇರೆ ರೀತಿ ಹೊಡೆಯುತ್ತವೆ. ಪಕ್ಕದ ಶೂಟರ್‌ನ ರೈಫಲ್‌ನಲ್ಲಿ ಹತ್ತರ ಮೇಲೆ ಹತ್ತು ಕೊಡುವ ಲಾಟ್ ನಿಮ್ಮದರಲ್ಲಿ ಚೆಲ್ಲಾಪಿಲ್ಲಿ ಆಗಬಹುದು. 50 ಮೀಟರ್ ರೈಫಲ್ ಸ್ಪರ್ಧೆಯನ್ನು ಗಂಭೀರವಾಗಿ ತೆಗೆದುಕೊಂಡವರು ಸೀಸನ್ ಶುರುವಾಗುವ ಮೊದಲೇ ತಮ್ಮ ರೈಫಲ್‌ಗೆ ತಕ್ಕ ಲಾಟ್ ಹುಡುಕಿಕೊಳ್ಳುವುದು ಇದಕ್ಕೇ.

ತೋಟಾದ ಹಿಂಬದಿಯ ನಡುವೆ ಪಿನ್ ಬಡಿಯುವ ಸೆಂಟರ್‌ಫೈರ್ ರೈಫಲ್ ಇರುವವರಿಗೆ ಇನ್ನೊಂದು ದಾರಿಯಿದೆ. ಅವರು ತೋಟಾವನ್ನು ತಾವೇ ತುಂಬಿ, ಮದ್ದು, ಗುಂಡು ಮುಂತಾದವನ್ನು ಒಂದೊಂದಾಗಿ ಬದಲಾಯಿಸಿ ನೋಡಿ ತಮ್ಮ ಬ್ಯಾರಲ್‌ಗೆ ಹೊಂದಿಸಿಕೊಳ್ಳುತ್ತಾರೆ. .22 ಲಾಂಗ್ ರೈಫಲ್ ರಿಮ್‌ಫೈರ್ ತೋಟಾ. ಹೊತ್ತಿಸುವ ರಾಸಾಯನಿಕ ಅದರ ಹಿಂದಿನ ಅಂಚಿನ ಮಡಿಕೆಯೊಳಗೇ ಇರುತ್ತದೆ, ಫೈರಿಂಗ್ ಪಿನ್ ಆ ಅಂಚನ್ನೇ ಜಜ್ಜುತ್ತದೆ. ಒಮ್ಮೆ ಹೊಡೆದ ಖೋಲನ್ನು ಮತ್ತೆ ತುಂಬುವ ಮಾತಿಲ್ಲ. ಕಾರ್ಖಾನೆ ಕೊಟ್ಟದ್ದರಲ್ಲಿ ಒಳ್ಳೆಯದನ್ನು ಆರಿಸುವುದೊಂದೇ ನಮ್ಮ ಕೈಯಲ್ಲಿರುವುದು. ಹಾಗಾಗಿ ಆರಿಸುವ ಕೆಲಸವನ್ನು ಸರಿಯಾಗಿ ಮಾಡಬೇಕು. ಈ ಲೇಖನದಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಗುಂಡು ಹೊಡೆಯುವುದಕ್ಕಲ್ಲ, ಬಿದ್ದ ತೂತುಗಳನ್ನು ಓದುವುದಕ್ಕೆ. ಹೆಚ್ಚಿನ ಪರೀಕ್ಷೆಗಳು ಹಾಳಾಗುವುದು ಅಲ್ಲೇ. ತೋಟಾ ತಾವೇ ತುಂಬುವವರಿಗೂ ಆ ಭಾಗ ಹಾಗೆಯೇ ಅನ್ವಯಿಸುತ್ತದೆ.

ಎಷ್ಟು ಚಿಕ್ಕ ವ್ಯತ್ಯಾಸ, ಎಷ್ಟು ದೊಡ್ಡ ಪರಿಣಾಮ

50 ಮೀಟರ್ ರೈಫಲ್ ಗುರಿಹಲಗೆಯ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್. ಗುಂಡಿನ ವ್ಯಾಸ 5.6 ಮಿ.ಮೀ. ಗುಂಡಿನ ಅಂಚು ವೃತ್ತದ ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಗುಂಡಿನ ನಡುಬಿಂದು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಬೀಳಬೇಕು.

ನೀವು ಒಂದಿಷ್ಟೂ ಅಲ್ಲಾಡದೆ, ಗಾಳಿಯೇ ಇಲ್ಲದ ಕಡೆ ಹೊಡೆದಿರಿ ಎಂದುಕೊಳ್ಳಿ. ತೋಟಾ ಮತ್ತು ಬ್ಯಾರಲ್ ಸೇರಿ ಗುಂಡುಗಳನ್ನು ನಡುವಿನಿಂದ ಸರಾಸರಿ 3 ಮಿ.ಮೀ. ದೂರದಲ್ಲಿ ಹರಡಿದರೆ, 60 ಗುಂಡುಗಳ ಪಂದ್ಯದಲ್ಲಿ ತೋಟಾದ ತಪ್ಪಿನಿಂದ ಹತ್ತು ತಪ್ಪುವುದು ಅಪರೂಪ. ಸರಾಸರಿ 4 ಮಿ.ಮೀ. ಆದರೆ ಎರಡು ಮೂರು ಹತ್ತುಗಳು ಹೋಗುತ್ತವೆ. 5 ಮಿ.ಮೀ. ಆದರೆ ಸುಮಾರು ಎಂಟು. ಇವು ಗುಂಡುಗಳ ಹರಡುವಿಕೆಯ ಗಣಿತದಿಂದಲೇ ಬರುವ ಅಂಕಿಗಳು. ಒಂದೊಂದು ಮಿಲಿಮೀಟರ್‌ಗೆ ಇಷ್ಟು ಬೆಲೆ. ಇದರ ಮೇಲೆ ನಿಮ್ಮ ಸ್ವಂತ ಅಲುಗಾಟ ಮತ್ತು ಗಾಳಿ ಬೇರೆ ಸೇರುತ್ತವೆ.

ಮೊದಲು ರೈಫಲ್ ಸರಿಯಿರಲಿ

ಸಡಿಲ ಸ್ಕ್ರೂ ಇರುವ ರೈಫಲ್‌ನಲ್ಲಿ ಯಾವ ಲಾಟ್ ಪರೀಕ್ಷೆಗೂ ಅರ್ಥವಿಲ್ಲ. ಆ್ಯಕ್ಷನ್ (ತೋಟಾ ತುಂಬಿ ಸಿಡಿಸುವ ಲೋಹದ ಭಾಗ) ಮತ್ತು ಸ್ಟಾಕ್ (ಹಿಡಿಯುವ ದಿಮ್ಮಿ) ಸೇರಿಸುವ ಸ್ಕ್ರೂಗಳನ್ನು ಟಾರ್ಕ್ ಸ್ಪ್ಯಾನರ್‌ನಿಂದ ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಕೈಯಂದಾಜು ಬೇಡ. ಎರಡೂ ಸ್ಕ್ರೂಗಳ ಬಿಗಿ ಬೇರೆ ಬೇರೆಯಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಸೈಟ್ ಅಥವಾ ಸ್ಕೋಪ್ ಕೂರಿಸಿದ ಮೌಂಟ್ ಅಲ್ಲಾಡುತ್ತಿಲ್ಲವೇ ನೋಡಿ. ಪರೀಕ್ಷೆಗೆ ಸ್ಕೋಪ್ ಬಳಸುವುದಾದರೆ ಪ್ಯಾರಲಾಕ್ಸ್ 50 ಮೀಟರ್‌ಗೆ ಹೊಂದಿಸಿ. ಕಣ್ಣನ್ನು ಸ್ವಲ್ಪ ಆಚೀಚೆ ಮಾಡಿದಾಗ ಕ್ರಾಸ್‌ಹೇರ್ ಗುರಿಯ ಮೇಲೆ ಜಾರುತ್ತಿದ್ದರೆ ಅದು ಇನ್ನೂ ಸರಿಹೊಂದಿಲ್ಲ.

ಬ್ಯಾರಲ್ ಸ್ವಚ್ಛತೆಯ ಬಗ್ಗೆ ಎರಡು ಅತಿಗಳಿವೆ. ಕೆಲವರು ವರ್ಷಗಟ್ಟಲೆ ಮುಟ್ಟುವುದಿಲ್ಲ, ಕೆಲವರು ದಿನವೂ ಉಜ್ಜುತ್ತಾರೆ. ರಿಮ್‌ಫೈರ್‌ನಲ್ಲಿ ತೋಟಾ ಕೂರುವ ಚೇಂಬರ್‌ನ ಸ್ವಲ್ಪ ಮುಂದೆ, ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು) ಶುರುವಾಗುವ ಕಡೆ ಗಟ್ಟಿ ಕಾರ್ಬನ್ ಉಂಗುರದಂತೆ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆಯದೆ ಪರೀಕ್ಷೆಗೆ ಹೋಗಬೇಡಿ. ಸ್ವಚ್ಛ ಮಾಡುವ ರಾಡ್ ಯಾವಾಗಲೂ ಹಿಂದಿನಿಂದ, ಅದನ್ನು ನೇರವಾಗಿ ಹಿಡಿದಿಡುವ ಬೋರ್ ಗೈಡ್ ಕೊಳವೆಯ ಮೂಲಕವೇ ಹೋಗಲಿ. ಬ್ಯಾರಲ್ ತುದಿಯ ಅಂಚಿಗೆ ಪೆಟ್ಟಾದರೆ ಮತ್ತೆ ಯಾವ ತೋಟಾ ಹಾಕಿದರೂ ಫಲವಿಲ್ಲ.

ಯಾವ ತೋಟಾಗಳನ್ನು ತರಬೇಕು

ಗುರಿ ಸ್ಪರ್ಧೆಗೆ ಶಬ್ದದ ವೇಗಕ್ಕಿಂತ ಕಡಿಮೆ ವೇಗದ ತೋಟಾಗಳೇ ಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಸ್ಪರ್ಧೆಗೆಂದೇ ತಯಾರಾದ ಮ್ಯಾಚ್ ತೋಟಾಗಳ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಗುಂಡು ಬ್ಯಾರಲ್‌ನಿಂದ ಹೊರಡುವುದು ಸುಮಾರು 325ರಿಂದ 330 ಮೀಟರ್ ವೇಗದಲ್ಲಿ. ಹೈ ವೆಲಾಸಿಟಿ ತೋಟಾ ಶಬ್ದದ ವೇಗವನ್ನು ದಾಟಿ ಹೊರಟು, ಹಾದಿಯಲ್ಲಿ ನಿಧಾನವಾಗುತ್ತಾ ಆ ಗಡಿಯನ್ನು ಮತ್ತೆ ಕೆಳಮುಖವಾಗಿ ದಾಟುತ್ತದೆ. ಅಲ್ಲಿ ಗುಂಡಿಗೆ ಗಾಳಿಯ ತಡೆ ಏರುಪೇರಾಗುತ್ತದೆ. ಅದರ ವೇಗ ಹೆಚ್ಚಾದರೂ ಅಡ್ಡಗಾಳಿಗೆ ಅದು ಹೆಚ್ಚೇ ಸರಿಯುತ್ತದೆ.

ಎಲಿ ಟೆನೆಕ್ಸ್, ಲಾಪುವಾ ಮಿಡಾಸ್ ಪ್ಲಸ್, ಲಾಪುವಾ ಸೆಂಟರ್ ಎಕ್ಸ್, ಆರ್‌ಡಬ್ಲ್ಯುಎಸ್ ಆರ್50, ಎಸ್‌ಕೆ ರೈಫಲ್ ಮ್ಯಾಚ್ ಹೀಗೆ ಹೆಸರುಗಳು ಅನೇಕ. ದುಬಾರಿಯದ್ದೇ ಗೆಲ್ಲುತ್ತದೆ ಎಂದು ಮೊದಲೇ ನಿರ್ಧರಿಸಬೇಡಿ. ಒಂದು ದರ್ಜೆ ಕೆಳಗಿನ ತೋಟಾದ ಒಳ್ಳೆಯ ಲಾಟ್, ಮೇಲಿನ ದರ್ಜೆಯ ಸಾಧಾರಣ ಲಾಟನ್ನು ನಿಮ್ಮ ಬ್ಯಾರಲ್‌ನಲ್ಲಿ ಹಿಂದೆ ಹಾಕಬಲ್ಲದು. ಲಾಟ್ ಸಂಖ್ಯೆ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ತೋಟಾದ ಹೆಸರಿಗಿಂತ ಅದೇ ಮುಖ್ಯ. ಒಂದೇ ಹೆಸರಿನ ನಾಲ್ಕು ಲಾಟ್ ಸಿಕ್ಕರೆ ಅವನ್ನು ನಾಲ್ಕು ಬೇರೆ ತೋಟಾಗಳೆಂದೇ ಎಣಿಸಿ.

ಶುರುವಿಗೆ ಐದಾರು ಲಾಟ್ ಸಾಕು. ಒಂದೊಂದರ ಎರಡು ಡಬ್ಬಿ, ಅಂದರೆ ನೂರು ತೋಟಾ ಇರಲಿ. ಇಪ್ಪತ್ತು ಲಾಟ್ ತಂದು ಪ್ರತಿಯೊಂದರಲ್ಲಿ ಐದೈದು ಗುಂಡು ಹೊಡೆಯುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಯಾಕೆಂದು ಮುಂದೆ ಬರುತ್ತದೆ. ಡಬ್ಬಿ ತೆರೆದು ಒಂದೊಂದು ತೋಟಾ ತೂಗಿ, ಅಂಚಿನ ದಪ್ಪ ಅಳೆದು ಬೇರ್ಪಡಿಸುವವರಿದ್ದಾರೆ. ಒಳ್ಳೆಯ ಮ್ಯಾಚ್ ತೋಟಾದಲ್ಲಿ ಆ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಹೊತ್ತನ್ನು ಇನ್ನೂ ಹತ್ತು ಗುಂಡು ಹೆಚ್ಚು ಹೊಡೆಯಲು ಬಳಸಿ.

ಜಾಗ, ಆಸರೆ, ಸುರಕ್ಷತೆ

ಪರವಾನಗಿ ಇರುವ ರೇಂಜ್‌ನಲ್ಲೇ, ಅಲ್ಲಿನ ನಿಯಮದಂತೆಯೇ ಹೊಡೆಯಿರಿ. ಒಳಾಂಗಣದ 50 ಮೀಟರ್ ರೇಂಜ್ ಸಿಕ್ಕರೆ ಬೇರೇನೂ ಬೇಡ. ಎಲಿ, ಲಾಪುವಾದಂಥ ತಯಾರಕರು ಶೂಟರ್‌ಗಳಿಗಾಗಿಯೇ ಪರೀಕ್ಷಾ ಕೇಂದ್ರಗಳನ್ನು ಇಟ್ಟಿದ್ದಾರೆ. ಅಲ್ಲಿ ರೈಫಲನ್ನು ಕ್ಲಾಂಪ್‌ನಲ್ಲಿ ಬಿಗಿದು, ಎಲೆಕ್ಟ್ರಾನಿಕ್ ಟಾರ್ಗೆಟ್ ಮೇಲೆ ಲಾಟ್ ಮೇಲೆ ಲಾಟ್ ಹೊಡೆದು, ಇಷ್ಟವಾದ ಲಾಟನ್ನು ಅಲ್ಲೇ ಕಾಯ್ದಿರಿಸಬಹುದು. ಆ ಅನುಕೂಲ ಇಲ್ಲದವರು ಗಟ್ಟಿ ಮೇಜು, ಮುಂದೊಂದು ರೆಸ್ಟ್, ಭುಜಕ್ಕೆ ತಾಗುವ ಬಟ್ ಕೆಳಗೊಂದು ಮರಳು ಚೀಲ ಇಟ್ಟುಕೊಂಡು ಮಾಡಬಹುದು. ಪ್ರತಿ ಗುಂಡಿಗೂ ರೈಫಲ್ ಚೀಲದ ಮೇಲೆ ಅದೇ ಜಾಗದಲ್ಲಿ ಕೂರಬೇಕು, ಭುಜದ ಒತ್ತಡ ಅಷ್ಟೇ ಇರಬೇಕು.

ಹೊರಾಂಗಣವಾದರೆ ಗಾಳಿ ಇಲ್ಲದ ಮುಂಜಾವು ಆರಿಸಿಕೊಳ್ಳಿ. ಸೆಕೆಂಡಿಗೆ ಒಂದು ಮೀಟರ್ ವೇಗದ ಅಡ್ಡಗಾಳಿ, ಕೆನ್ನೆಗೆ ಅಷ್ಟಾಗಿ ಗೊತ್ತೇ ಆಗದ ಗಾಳಿ, 50 ಮೀಟರ್‌ನಲ್ಲಿ ಗುಂಡನ್ನು ಸುಮಾರು 6 ಮಿ.ಮೀ. ಪಕ್ಕಕ್ಕೆ ತಳ್ಳುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸ ಒಂದು ಮಿಲಿಮೀಟರ್‌ನದು. ಹಾದಿಯಲ್ಲಿ ಎರಡು ಮೂರು ಕಡೆ ಗಾಳಿ ಬಾವುಟ ನೆಟ್ಟು, ಅವು ಜೋತುಬಿದ್ದಾಗ ಮಾತ್ರ ಹೊಡೆಯಿರಿ.

ತೋಟಾ ಸಿಡಿಯದಿದ್ದರೆ ರೈಫಲನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ಆಮೇಲೆ ಚೇಂಬರ್ ಮುಚ್ಚುವ ಬೋಲ್ಟ್ ತೆರೆಯಿರಿ. ಸದ್ದು ತೀರಾ ಮೆತ್ತಗೆ ಬಂದು ಹಲಗೆಯಲ್ಲಿ ತೂತು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರಲ್‌ನೊಳಗೇ ಉಳಿದಿರಬಹುದು. ಬೋಲ್ಟ್ ತೆಗೆದು ಹಿಂದಿನಿಂದ ಬ್ಯಾರಲ್ ಪೂರ್ತಿ ಕಾಣುತ್ತಿದೆಯೇ ನೋಡುವ ತನಕ ಇನ್ನೊಂದು ತೋಟಾ ಹಾಕಲೇಬಾರದು. ಇದು ಸೀಸದ ಗುಂಡು. ಊಟ ತಿಂಡಿಗೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯಿರಿ, ಒಳಾಂಗಣದಲ್ಲಿ ಗಾಳಿಯಾಡುವ ವ್ಯವಸ್ಥೆ ನಡೆಯುತ್ತಿದೆಯೇ ಖಚಿತಪಡಿಸಿಕೊಳ್ಳಿ.

ಹೊಡೆಯುವ ಕ್ರಮ

ಪ್ರತಿ ತಯಾರಕರ ಗುಂಡಿಗೂ ಬೇರೆ ಬೇರೆ ಮೇಣ ಅಥವಾ ಗ್ರೀಸ್ ಲೇಪ ಇರುತ್ತದೆ. ಅದು ಬ್ಯಾರಲ್‌ನ ಒಳಮೈಗೆ ತೆಳುವಾಗಿ ಹಿಡಿದುಕೊಳ್ಳುತ್ತದೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾದಾಗ ಮೊದಲ ಕೆಲವು ಗುಂಡುಗಳು ಹಳೆಯ ಲೇಪದ ಮೇಲೆ ಓಡುತ್ತವೆ, ಎಲ್ಲೆಲ್ಲೋ ಬೀಳುತ್ತವೆ. ಆದ್ದರಿಂದ ಕಂಪನಿ ಬದಲಿಸಿದಾಗ ಹತ್ತರಿಂದ ಇಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆದು ಬ್ಯಾರಲ್ ಒಗ್ಗಿಸಿಕೊಳ್ಳಿ. ಒಂದೇ ತೋಟಾದ ಬೇರೆ ಲಾಟ್‌ಗೆ ಹೋಗುವಾಗ ನಾಲ್ಕೈದು ಸಾಕು.

ಒಂದೇ ಹೆಸರಿನ ಲಾಟ್‌ಗಳನ್ನು ಒಂದು ಗುಂಪಾಗಿ ಮಾಡಿ. ಆ ಗುಂಪಿನೊಳಗೆ ಮೊದಲ ಲಾಟ್‌ನ ಹತ್ತು ಗುಂಡು, ಎರಡನೆಯದರ ಹತ್ತು, ಮೂರನೆಯದರ ಹತ್ತು, ಮತ್ತೆ ಮೊದಲಿನಿಂದ ಹೀಗೆ ಸುತ್ತು ಹಾಕಿ. ಒಂದು ಲಾಟ್‌ನ ನಲವತ್ತನ್ನೂ ಬೆಳಿಗ್ಗೆ, ಇನ್ನೊಂದರ ನಲವತ್ತನ್ನೂ ಮಧ್ಯಾಹ್ನ ಹೊಡೆದರೆ ನೀವು ಹೋಲಿಸಿದ್ದು ಬೆಳಿಗ್ಗೆ ಮತ್ತು ಮಧ್ಯಾಹ್ನವನ್ನು. ಬೆಳಕು, ಬಿಸಿ, ದಣಿವು ಎಲ್ಲವೂ ಎಲ್ಲ ಲಾಟ್‌ಗಳಿಗೂ ಸಮನಾಗಿ ಹಂಚಿಹೋಗಬೇಕು. ಎರಡನೆಯ ದಿನ ಕ್ರಮವನ್ನು ತಿರುಗಿಸಿ, ಕೊನೆಯದರಿಂದ ಶುರುಮಾಡಿ.

ಜೊತೆಗಾರರು ಇದ್ದರೆ ತೋಟಾಗಳನ್ನು ಅವರೇ ಗುರುತಿಲ್ಲದ ಬ್ಲಾಕ್‌ಗಳಲ್ಲಿ ಜೋಡಿಸಿಕೊಡಲಿ, ಯಾವ ಬ್ಲಾಕ್ ಯಾವ ಲಾಟ್ ಎಂಬುದು ಅವರ ಪುಸ್ತಕದಲ್ಲಿ ಮಾತ್ರ ಇರಲಿ. ದುಬಾರಿ ತೋಟಾ ಹಾಕಿದ್ದೇನೆ ಎಂದು ಗೊತ್ತಿದ್ದಾಗ ಟ್ರಿಗರ್ ಮೇಲಿನ ಬೆರಳು ತಾನಾಗಿಯೇ ಹೆಚ್ಚು ಎಚ್ಚರ ವಹಿಸುತ್ತದೆ. ಅದನ್ನು ತಡೆಯುವುದು ಮನಸ್ಸಿನ ಬಲದಿಂದ ಆಗುವ ಕೆಲಸವಲ್ಲ.

ತೋಟಾಗಳು ನೆರಳಿನಲ್ಲಿ ಒಂದೇ ಉಷ್ಣಾಂಶದಲ್ಲಿರಲಿ. ಬಿಸಿಯಾದ ಚೇಂಬರ್‌ನಲ್ಲಿ ತೋಟಾ ಹಾಕಿಟ್ಟು ಗಾಳಿಗಾಗಿ ಕಾಯುತ್ತಾ ಕೂರಬೇಡಿ. ಲೇಪ ಮೆತ್ತಗಾಗುತ್ತದೆ, ಮದ್ದು ಬಿಸಿಯಾಗುತ್ತದೆ, ಆ ಗುಂಡು ಉಳಿದವುಗಳ ಜೊತೆ ಬೀಳುವುದಿಲ್ಲ.

ಟ್ರಿಗರ್ ಒತ್ತಿದ ಕ್ಷಣದಲ್ಲೇ, ತೂತು ನೋಡುವ ಮೊದಲೇ, ಆ ಗುಂಡು ನಿಮ್ಮ ಕಡೆಯಿಂದ ಕೆಟ್ಟಿತೇ ಎಂದು ಬಾಯಿಬಿಟ್ಟು ಹೇಳಿ. ಹಾಗೆ ಹೇಳಿದ್ದನ್ನು ಮಾತ್ರ ಲೆಕ್ಕದಿಂದ ಬಿಡಬಹುದು. ತೂತು ದೂರ ಬಿದ್ದದ್ದು ಕಂಡ ಮೇಲೆ ನೆನಪಾಗುವ ತಪ್ಪುಗಳಿಗೆ ಇಲ್ಲಿ ಜಾಗವಿಲ್ಲ. ಆ ದೂರದ ಗುಂಡೇ ಪಂದ್ಯದಲ್ಲಿ ನಿಮ್ಮಿಂದ ಹತ್ತನ್ನು ಕಸಿಯುವುದು.

ಅಳೆಯುವುದು

ಹೆಚ್ಚಿನವರು ಐದು ಗುಂಡು ಹೊಡೆದು, ಅತಿ ದೂರದ ಎರಡು ತೂತುಗಳ ನಡುವೆ ಕ್ಯಾಲಿಪರ್ ಇಟ್ಟು, ಗ್ರೂಪ್ (ಒಟ್ಟಿಗೆ ಹೊಡೆದ ಗುಂಡುಗಳ ತೂತುಗಳ ಗುಂಪು) ಇಷ್ಟು ಎಂದು ಬರೆದುಕೊಳ್ಳುತ್ತಾರೆ. ಈ ಅಳತೆಯಲ್ಲಿ ಐದರಲ್ಲಿ ಮೂರು ಗುಂಡುಗಳ ಮಾಹಿತಿ ಕಸದ ಬುಟ್ಟಿಗೆ ಹೋಗುತ್ತದೆ. ತೋಟಾಕ್ಕಾಗಿ ಹಣ ಕೊಟ್ಟಿದ್ದೀರಿ, ಪ್ರತಿ ತೂತನ್ನೂ ಬಳಸಿ.

ವಿಧಾನ ಹೀಗಿದೆ. ಗುರಿಬಿಂದುವಿನಿಂದ ಪ್ರತಿ ತೂತು ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಮಿಲಿಮೀಟರ್‌ನಲ್ಲಿ ಬರೆಯಿರಿ. ಎಡ ಮತ್ತು ಕೆಳಗಿನವು ಋಣ ಸಂಖ್ಯೆಗಳು. ಐದು ಗುಂಡುಗಳ ಉದಾಹರಣೆ ನೋಡೋಣ. ಬಲ 5, ಕೆಳಗೆ 5. ನೇರ, ಕೆಳಗೆ 2. ಬಲ 4, ಕೆಳಗೆ 11. ಬಲ 7, ಕೆಳಗೆ 4. ಎಡ 1, ಕೆಳಗೆ 8. ಅಡ್ಡ ಅಳತೆಗಳ ಮೊತ್ತ 15, ಐದರಿಂದ ಭಾಗಿಸಿದರೆ 3. ಉದ್ದ ಅಳತೆಗಳ ಮೊತ್ತ ಕೆಳಗೆ 30, ಭಾಗಿಸಿದರೆ ಕೆಳಗೆ 6. ಗ್ರೂಪಿನ ನಡುಬಿಂದು ಗುರಿಯಿಂದ 3 ಬಲಕ್ಕೆ, 6 ಕೆಳಗೆ ಇದೆ. ಇದು ಸೈಟ್ ತಿರುಗಿಸಿ ಸರಿಮಾಡುವ ವಿಷಯ, ತೋಟಾದ ದೋಷವಲ್ಲ. ಈಗ ಆ ನಡುಬಿಂದುವಿನಿಂದ ಒಂದೊಂದು ಗುಂಡಿನ ದೂರ ಕಂಡುಹಿಡಿಯಿರಿ. 2.2, 5.0, 5.1, 4.5, 4.5 ಬರುತ್ತವೆ. ಇವುಗಳ ಸರಾಸರಿ ಸುಮಾರು 4.3 ಮಿ.ಮೀ. ಇದೇ ಸರಾಸರಿ ತ್ರಿಜ್ಯ. ಎಲ್ಲ ಗುಂಡುಗಳೂ ಇದರಲ್ಲಿ ಮಾತಾಡುತ್ತವೆ.

ಎಲೆಕ್ಟ್ರಾನಿಕ್ ಟಾರ್ಗೆಟ್ ಈ ಅಂಕಿಗಳನ್ನು ತಾನೇ ಕೊಡುತ್ತದೆ, ಸ್ಪ್ರೆಡ್‌ಶೀಟ್‌ಗೆ ಹಾಕಿದರೆ ಮುಗಿಯಿತು. ಕಾಗದದ ಮೇಲೆ ಹೊಡೆಯುವವರು ಒಂದು ಗುರಿಗೆ ಒಂದೋ ಎರಡೋ ಗುಂಡು ಮಾತ್ರ ಹೊಡೆಯಿರಿ. ಹತ್ತು ಗುಂಡು ಒಂದೇ ಕಡೆ ಬಿದ್ದರೆ ಒಂದೇ ಹರಿದ ತೂತಾಗಿ, ಯಾವುದು ಎಲ್ಲಿ ಬಿತ್ತೆಂದೇ ತಿಳಿಯದು.

ಅಂಕಿಗಳನ್ನು ಓದುವುದು

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಒಂದು ಲಾಟ್‌ನ ಐದು ಗುಂಡಿನ ಗ್ರೂಪುಗಳ ಸರಾಸರಿ ಅಳತೆ 12 ಮಿ.ಮೀ. ಇದೆ ಎನ್ನಿ. ಅದೇ ಲಾಟನ್ನು ಹತ್ತು ಡಬ್ಬಿಗೆ ಹಂಚಿ, ಹತ್ತು ಬೇರೆ ಹೆಸರು ಅಂಟಿಸಿ, ಪ್ರತಿಯೊಂದರಿಂದ ಒಂದೊಂದು ಗ್ರೂಪ್ ಹೊಡೆದರೆ, ಚಿಕ್ಕದು 7 ಅಥವಾ 8 ಮಿ.ಮೀ. ಆಸುಪಾಸು, ದೊಡ್ಡದು 17ರ ಆಸುಪಾಸು ಬರುವುದು ತೀರಾ ಸಹಜ. ಯಾರಾದರೂ ನೋಡಿದರೆ ಒಂದು ಅದ್ಭುತ ತೋಟಾ, ಇನ್ನೊಂದು ಕಸ ಎನ್ನುತ್ತಾರೆ. ಎರಡೂ ಒಂದೇ ತೋಟಾ. ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುವ ಆ ಒಂದು ಪುಟ್ಟ ಗ್ರೂಪ್‌ನ ಕಾಗದ ತೋಟಾದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಗುಂಡುಗಳ ಸಂಖ್ಯೆ ಬೇರೆ ಬೇರೆ ಇರುವ ಗ್ರೂಪುಗಳನ್ನು ಹೋಲಿಸಲೂಬಾರದು. ಅದೇ ತೋಟಾದಲ್ಲಿ ಹತ್ತು ಗುಂಡಿನ ಗ್ರೂಪ್ ಐದು ಗುಂಡಿನದಕ್ಕಿಂತ ಸರಾಸರಿ ಕಾಲು ಪಾಲಿನಷ್ಟು ದೊಡ್ಡದಿರುತ್ತದೆ. ಗುಂಡು ಹೆಚ್ಚಾದಷ್ಟೂ ದೂರ ಬೀಳುವ ಒಂದಕ್ಕೆ ಅವಕಾಶ ಹೆಚ್ಚು.

ಸರಾಸರಿ ತ್ರಿಜ್ಯವೂ ಕಡಿಮೆ ಗುಂಡುಗಳಲ್ಲಿ ಅಲ್ಲಾಡುತ್ತದೆ, ಆದರೆ ಬೇಗ ನೆಲೆಗೆ ಬರುತ್ತದೆ. ಹತ್ತು ಗುಂಡುಗಳಿಂದ ಸಿಕ್ಕ ಅಂಕಿ ನಿಜಕ್ಕಿಂತ ಶೇ 17ರಷ್ಟು ಆಚೀಚೆ ಇರುವುದು ಮಾಮೂಲು. ನಲವತ್ತಕ್ಕೆ ಅದು ಶೇ 8ಕ್ಕೆ ಇಳಿಯುತ್ತದೆ. ಹಾಗಾಗಿ ಲಾಟ್‌ಗೆ ನಲವತ್ತು ಗುಂಡು ನಾನು ಒಪ್ಪುವ ಕನಿಷ್ಠ. ಆಗಲೂ ಒಂದು 3.4, ಇನ್ನೊಂದು 3.6 ಬಂದರೆ ಎರಡೂ ಸಮ ಎಂದೇ ತಿಳಿಯಿರಿ, ಅಗ್ಗದ್ದನ್ನು ಕೊಳ್ಳಿ. 3.2 ಮತ್ತು 4.2 ಬಂದರೆ ಮಾತ್ರ ನಂಬುವಂಥ ವ್ಯತ್ಯಾಸ.

ಇನ್ನೊಂದು ಜಾಗದಲ್ಲಿ ಎಚ್ಚರ ಬೇಕು. ಆರು ಲಾಟ್‌ಗಳಲ್ಲಿ ಮೊದಲ ಸ್ಥಾನ ಪಡೆದದ್ದಕ್ಕೆ ಗುಣದ ಜೊತೆ ಅದೃಷ್ಟವೂ ಒಂದಿಷ್ಟು ಕೂಡಿರುತ್ತದೆ. ಎರಡನೆಯ ದಿನ ಅದು ಸಾಮಾನ್ಯವಾಗಿ ಸ್ವಲ್ಪ ಹಿಂದೆ ಸರಿಯುತ್ತದೆ. ಆದ್ದರಿಂದ ಮೊದಲ ಸುತ್ತಿನ ಮೇಲಿನ ಎರಡು ಮೂರು ಲಾಟ್‌ಗಳನ್ನು ಬೇರೊಂದು ದಿನ ಮತ್ತೆ ನಲವತ್ತು ನಲವತ್ತು ಹೊಡೆಯಿರಿ. ನಿರ್ಧಾರ ಆ ಎರಡನೆಯ ದಿನದ ಅಂಕಿಗಳ ಮೇಲೆ.

ಕ್ರೋನೋಗ್ರಾಫ್ ಏನು ಹೇಳುತ್ತದೆ

ಕ್ರೋನೋಗ್ರಾಫ್ ಗುಂಡಿನ ವೇಗ ಅಳೆಯುವ ಉಪಕರಣ. ಗ್ರೂಪ್ ಮೇಲೆ ಕೆಳಗೆ ಉದ್ದಕ್ಕೆ ಚಾಚಿದ್ದರೆ ಮೊದಲ ಅನುಮಾನ ವೇಗದ ಏರಿಳಿತದ ಮೇಲೆ. 327 ಮೀಟರ್ ವೇಗದಲ್ಲಿ ಹೊರಟ ಗುಂಡು 50 ಮೀಟರ್ ತಲುಪಲು ಸುಮಾರು 0.16 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು 12 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ವೇಗ ಶೇ 1 ಕಡಿಮೆಯಾದರೆ ಇಳಿತ ಸುಮಾರು ಶೇ 2 ಹೆಚ್ಚುತ್ತದೆ, ಅಂದರೆ 2.5 ಮಿ.ಮೀ. ಹತ್ತಿರ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನವಾದರೆ ಏಳು ಮಿ.ಮೀ.ಗೂ ಹೆಚ್ಚು ಕೆಳಗೆ ಬೀಳುತ್ತದೆ. ಒಳ್ಳೆಯ ಮ್ಯಾಚ್ ಲಾಟ್‌ನಲ್ಲಿ ವೇಗದ ಮಾನಕ ವಿಚಲನೆ (ಸರಾಸರಿಯಿಂದ ಆಚೀಚೆ ಹರಡುವ ಪ್ರಮಾಣ) ಸೆಕೆಂಡಿಗೆ 3 ಮೀಟರ್ ಒಳಗಿರುತ್ತದೆ. 100 ಮೀಟರ್‌ನಲ್ಲಿ ಇದೇ ಏರಿಳಿತ ನಾಲ್ಕು ಪಟ್ಟಿಗೂ ಹೆಚ್ಚು ಎದ್ದು ಕಾಣುತ್ತದೆ, ಆದ್ದರಿಂದ ದೂರದ ಗುರಿಗೆ ಹೊಡೆಯುವವರಿಗೆ ಈ ಉಪಕರಣ ಬೇಕೇ ಬೇಕು.

ಆದರೆ 50 ಮೀಟರ್‌ನಲ್ಲಿ ಬರೀ ವೇಗ ನೋಡಿ ಲಾಟ್ ಆರಿಸಬೇಡಿ. ಗುಂಡು ಹೊರಡುವ ಹೊತ್ತಿಗೆ ಬ್ಯಾರಲ್ ತುದಿ ಕಂಪಿಸುತ್ತಿರುತ್ತದೆ. ನಿಧಾನದ ಗುಂಡು ತುದಿ ಸ್ವಲ್ಪ ಮೇಲೆದ್ದಾಗ ಹೊರಟರೆ ಇಳಿತದ ಒಂದು ಪಾಲು ತಾನಾಗಿಯೇ ಸರಿಹೋಗುತ್ತದೆ. ಹಾಗಾಗಿ ವೇಗ ಸಾಧಾರಣವಾಗಿ ಏರಿಳಿಯುವ ಲಾಟ್ ಕೂಡ ಕೆಲವು ಬ್ಯಾರಲ್‌ಗಳಲ್ಲಿ ಚೆನ್ನಾಗಿ ಹೊಡೆಯುತ್ತದೆ. ಕಾಗದದ ತೂತು ಮತ್ತು ಕ್ರೋನೋಗ್ರಾಫ್ ಬೇರೆ ಬೇರೆ ಮಾತು ಹೇಳಿದರೆ ಕಾಗದವನ್ನೇ ನಂಬಿ. ಬ್ಯಾರಲ್‌ಗೆ ಸಿಕ್ಕಿಸುವ ಮಾದರಿಯ ಕ್ರೋನೋಗ್ರಾಫ್ ಆದರೆ ಅದನ್ನು ಹಾಕಿಕೊಂಡು ಗ್ರೂಪ್ ಅಳೆಯಬೇಡಿ, ಅದರ ಭಾರವೇ ಕಂಪನವನ್ನು ಬದಲಿಸುತ್ತದೆ.

ಕೊಳ್ಳುವುದು ಮತ್ತು ಇಡುವುದು

ನಿರ್ಧಾರವಾದ ಮೇಲೆ ತಡಮಾಡಬೇಡಿ. ಲಾಟ್ ಮುಗಿದರೆ ಮುಗಿಯಿತು, ಅದೇ ಹೆಸರಿನ ಮುಂದಿನ ಲಾಟ್ ಅದೇ ತೋಟಾ ಅಲ್ಲ. ಡಬ್ಬಿಯಲ್ಲಿ 50, ಬ್ರಿಕ್‌ನಲ್ಲಿ 500, ಕೇಸ್‌ನಲ್ಲಿ 5,000 ತೋಟಾ ಇರುತ್ತವೆ. ಸೀಸನ್‌ನ ಪಂದ್ಯಗಳಿಗೆ ಮತ್ತು ಪಂದ್ಯದ ಹಿಂದಿನ ವಾರಗಳ ಅಭ್ಯಾಸಕ್ಕೆ ಎಷ್ಟು ಬೇಕೆಂದು ಮೊದಲೇ ಲೆಕ್ಕ ಹಾಕಿ, ನಿಮ್ಮ ಪರವಾನಗಿ ಬಿಡುವಷ್ಟರ ಮಿತಿಯಲ್ಲಿ ಒಂದೇ ಸಲ ಕೊಳ್ಳಿ. ಉಳಿದ ದಿನಗಳ ಅಭ್ಯಾಸಕ್ಕೆ ಅದೇ ಕಂಪನಿಯ ಅಗ್ಗದ ತೋಟಾ ಸಾಕು, ಲೇಪ ಬದಲಾಗದಿದ್ದರೆ ಬ್ಯಾರಲ್ ಮತ್ತೆ ಒಗ್ಗುವ ರಗಳೆ ಇರುವುದಿಲ್ಲ.

ತಂಪಾದ, ಒಣಗಿದ ಜಾಗದಲ್ಲಿ ಬೀಗ ಹಾಕಿಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಲೇಪ ಕರಗಿ ಇಳಿಯುತ್ತದೆ. ಡಬ್ಬಿ ಕೆಳಗೆ ಬಿದ್ದರೆ ಗುಂಡಿನ ಮೂತಿ ನೆಗ್ಗಿದೆಯೇ, ಸಡಿಲವಾಗಿದೆಯೇ ನೋಡಿ, ಹಾಗಿರುವವನ್ನು ಪಂದ್ಯಕ್ಕೆ ಒಯ್ಯಬೇಡಿ.

ಒಂದು ಪುಸ್ತಕದಲ್ಲಿ ತಾರೀಖು, ಲಾಟ್ ಸಂಖ್ಯೆ, ಉಷ್ಣಾಂಶ, ಹೊಡೆದ ಗುಂಡುಗಳ ಸಂಖ್ಯೆ, ಸರಾಸರಿ ತ್ರಿಜ್ಯ, ಅಲ್ಲಿಯವರೆಗೆ ಬ್ಯಾರಲ್‌ನಲ್ಲಿ ಹೋದ ಒಟ್ಟು ಗುಂಡುಗಳ ಅಂದಾಜು ಬರೆದಿಡಿ. ಗೆದ್ದ ಲಾಟ್‌ನ ಎರಡು ಡಬ್ಬಿಗಳನ್ನು ಮುಟ್ಟದೆ ಪ್ರತ್ಯೇಕ ಎತ್ತಿಡಿ. ಮುಂದಿನ ಸಲ ಹೊಸ ಲಾಟ್‌ಗಳನ್ನು ಪರೀಕ್ಷಿಸುವಾಗ ಅವನ್ನೂ ಸುತ್ತಿನಲ್ಲಿ ಸೇರಿಸಿಕೊಳ್ಳಿ. ಹಳೆಯ ಲಾಟ್ ಮೊದಲಿನಂತೆಯೇ ಹೊಡೆದು ಹೊಸದು ಹರಡಿದರೆ ಹೊಸ ತೋಟಾ ನಿಮ್ಮ ಬ್ಯಾರಲ್‌ಗೆ ಒಗ್ಗಿಲ್ಲ. ಹಳೆಯದೂ ಹರಡಿದರೆ ತೋಟಾ ಹುಡುಕುವುದನ್ನು ಅಲ್ಲಿಗೆ ನಿಲ್ಲಿಸಿ, ಸ್ಕ್ರೂ, ಮೌಂಟ್, ಕಾರ್ಬನ್ ಉಂಗುರಗಳನ್ನು ಮೊದಲಿನಿಂದ ನೋಡಿ.